ಊರಿನ ಸರ್ಕಾರಿ ಶಾಲೆಗೆ, ಅಲ್ಲಿನ ಮೇಷ್ಟ್ರಿಗೆ ಜೊತೆಯಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆಯ ಒಂದು ಹೋಬಳಿಯಲ್ಲಿ ಕೆಲವು ಸರ್ಕಾರಿ ಪ್ರಾಥಮಿಕ ಶಾಲೆಗಳ ಜೊತೆ ನಾವು ಹಳೆ ವಿದ್ಯಾರ್ಥಿಗಳು ವರ್ಷಗಳಿಂದ ಓಡಾಡಿಕೊಂಡಿದ್ದೇವೆ. ಮದುವೆ ಮನೆಯಲ್ಲಿ ಸಿಕ್ಕವರು, ಫೋನ್ ಮಾಡಿದವರು, ಕಾಗದ ಬರೆದವರು, ಬೇರೆ ಜಿಲ್ಲೆಯ ಟೀಚರ್‌ಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರು ಕೇಳಿದ ಮಾತಲ್ಲೇ ಬರೆದಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಈಗ ತಾನೇ ಶುರು ಮಾಡುವವರಿಗೆ

ನಾನು ಬೆಂಗಳೂರಲ್ಲಿ ಕೆಲಸ ಮಾಡ್ತೀನಿ. ಓದಿದ ಶಾಲೆಗೆ ಏನಾದ್ರೂ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡ್ಲಿ?

ಹೆಡ್ ಮೇಷ್ಟ್ರಿಗೆ ಒಂದು ಫೋನ್ ಮಾಡಿ, ಯಾವಾಗ ಬರಲಿ ಅಂತ ಕೇಳಿ, ಬರಿಗೈಲಿ ಹೋಗಿ. ಮೊದಲ ಸಲ ಏನನ್ನೂ ತೆಗೆದುಕೊಂಡು ಹೋಗಬೇಡಿ, ಏನನ್ನೂ ಕೊಡುತ್ತೇನೆ ಅನ್ನಬೇಡಿ. ಕೊಡುವವರು ಬಂದರು ಅಂದ ತಕ್ಷಣ ಮಾತು ದಾರಿ ತಪ್ಪುತ್ತದೆ. ಶಾಲೆಯವರು ನಿಮಗೆ ಇಷ್ಟವಾಗುವಂಥದ್ದನ್ನು ಕೇಳುತ್ತಾರೆ, ತಮಗೆ ಬೇಕಾದದ್ದನ್ನಲ್ಲ.

ಸುಮ್ನೆ ಅರ್ಧ ದಿನ ಇರಿ. ಪ್ರಾರ್ಥನೆಯಿಂದ ಬಿಸಿಯೂಟದವರೆಗೆ. ಆಗ ಕೆಲವು ವಿಷಯ ತಾನಾಗಿ ಕಾಣಿಸುತ್ತವೆ. ನಮ್ಮ ಕಡೆಯ ಒಂದು ಶಾಲೆಗೆ ಬಂದವರು ಗೋಡೆಗೆ ಬಣ್ಣ ಹೊಡೆಸಬೇಕು ಅಂದುಕೊಂಡಿದ್ದರು. ಅಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಬಿದ್ದಿತ್ತು. ಕಟ್ಟಡ ಗಟ್ಟಿಯಾಗಿತ್ತು, ಟೈಲ್ಸ್ ಕೂಡ ಇತ್ತು. ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ನೀರು ಹತ್ತಿಸುವ ಪೈಪು ಒಡೆದಿತ್ತು, ಅಷ್ಟೇ. ಪ್ಲಂಬರ್‌ನ ಒಂದು ದಿನದ ಕೆಲಸ. ಆದರೆ ಆ ಬೀಗದಿಂದಾಗಿ ಆರು, ಏಳನೇ ಕ್ಲಾಸಿನ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಿದ್ದರು. ಹೆಡ್ ಮಿಸ್‌ಗೆ ಇದು ಗೊತ್ತಿತ್ತು, ಆದರೆ ಅವರನ್ನು ಯಾರೂ ಕೇಳಿರಲಿಲ್ಲ.

ಶಾಲೆ ಒಳಗೆ ಹೋಗೋಕೆ ಯಾರ ಪರ್ಮಿಷನ್ ಬೇಕು?

ಮಾತಾಡಿಸಿಕೊಂಡು ಬರುವುದಕ್ಕೆ ಹೆಡ್ ಮೇಷ್ಟ್ರ ಒಪ್ಪಿಗೆ ಸಾಕು. ಏನಾದರೂ ಕೊಡುವುದು, ಕಟ್ಟಿಸುವುದು ಇದ್ದರೆ ಎಸ್‌ಡಿಎಂಸಿ, ಅಂದರೆ ಪೋಷಕರೇ ಹೆಚ್ಚಿರುವ ಶಾಲಾ ಸಮಿತಿಯ ಸಭೆಯಲ್ಲಿ ಠರಾವು ಆಗಬೇಕು. ಮಕ್ಕಳಿಗೆ ನಿಯಮಿತವಾಗಿ ಪಾಠ ಮಾಡುವುದಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಪತ್ರ ಕೊಟ್ಟು ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್‌ನಲ್ಲೂ ಸ್ವಯಂಸೇವಕರಾಗಿ ಹೆಸರು ಹಾಕಿಸಬಹುದು. ಪತ್ರ ಯಾಕೆ ಬೇಕು ಅಂದರೆ, ನಾಳೆ ಯಾರಾದರೂ ಆಕ್ಷೇಪ ಎತ್ತಿದಾಗ ಉತ್ತರ ಕೊಡಬೇಕಾದವರು ಹೆಡ್ ಮೇಷ್ಟ್ರು. ಅವರನ್ನು ಆ ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಎಸ್‌ಡಿಎಂಸಿ ಅಂತಾರಲ್ಲ, ಅದಕ್ಕೆ ನಿಜವಾಗ್ಲೂ ಏನಾದ್ರೂ ಪವರ್ ಇದ್ಯಾ?

ಇದೆ, ಬಳಸುವವರು ಕಡಿಮೆ. ಪೂರ್ತಿ ಹೆಸರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದಲ್ಲಿ ಇದು ಬಂದಿದ್ದು 2001ರಲ್ಲಿ, ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ. ಅಣು ವಿಜ್ಞಾನಿ ರಾಜಾ ರಾಮಣ್ಣ ಹುಟ್ಟಿದ್ದು ನಮ್ಮದೇ ಜಿಲ್ಲೆಯ ತಿಪಟೂರಿನಲ್ಲಿ. ಅಂಥ ಸಮಿತಿ ನಮ್ಮ ಊರುಗಳಲ್ಲೇ ಎಷ್ಟೋ ಕಡೆ ಹೆಸರಿಗಷ್ಟೇ ಉಳಿದಿದೆ ಅನ್ನುವುದು ನನಗೆ ಬೇಸರದ ವಿಷಯ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿ ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದು ಇವರ ಕೆಲಸ. ಬೆಳಿಗ್ಗೆ ಹತ್ತೂವರೆಗೆ ಸಭೆ ಕರೆದರೆ ಕೂಲಿಗೆ ಹೋಗುವ ತಾಯಿ ಹೇಗೆ ಬರುತ್ತಾಳೆ? ಒಂದು ಶಾಲೆಯಲ್ಲಿ ಸಭೆಯನ್ನು ಸಂಜೆ ಐದೂವರೆಗೆ, ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಇಟ್ಟರು. ಅವತ್ತಿನಿಂದ ಸಹಿ ಹಾಕುವುದಕ್ಕೆ ಮನೆಮನೆಗೆ ಪುಸ್ತಕ ಕಳಿಸುವುದು ತಪ್ಪಿತು.

ಸರ್ಕಾರ ದುಡ್ಡು ಕೊಡಲ್ವಾ? ನಾವ್ಯಾಕೆ ಕೊಡಬೇಕು?

ಕೊಡುತ್ತದೆ. ಪಠ್ಯಪುಸ್ತಕ, ಯೂನಿಫಾರ್ಮ್, ಶೂ, ಸಾಕ್ಸ್, ಬಿಸಿಯೂಟ, ಹಾಲು, ಮೊಟ್ಟೆ, ಎಲ್ಲಾ ಸರ್ಕಾರದ ಲೆಕ್ಕದಲ್ಲೇ ಬರುತ್ತವೆ. ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ 2023ರ ರಾಜ್ಯೋತ್ಸವದ ದಿನ ಘೋಷಣೆಯೂ ಆಯಿತು. ಶಿಕ್ಷಕರ ಸಂಬಳ ಅಂತೂ ಇದ್ದೇ ಇದೆ.

ಇಕ್ಕಟ್ಟಾಗುವುದು ಸಣ್ಣಪುಟ್ಟ ಖರ್ಚಿಗೆ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ನಿಯಮದಲ್ಲಿ ಶಾಲಾ ಅನುದಾನ ಮಕ್ಕಳ ಸಂಖ್ಯೆ ನೋಡಿ ಬರುತ್ತದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಇದರಲ್ಲೇ ಸೀಮೆಸುಣ್ಣ, ಪೊರಕೆ, ಫಿನಾಯಿಲ್, ರಿಪೇರಿ, ಇಂಟರ್ನೆಟ್, ರಾಷ್ಟ್ರೀಯ ಹಬ್ಬ. 28 ಮಕ್ಕಳ ಶಾಲೆಗೂ ಹೆಂಚು ಒಡೆಯುತ್ತದೆ, ಮಳೆಗಾಲಕ್ಕೆ ಮೊದಲು ಸರಿ ಮಾಡಿಸಬೇಕು. ದುಡ್ಡು ಬರುವುದು ತಡವಾದರೆ ಹೆಡ್ ಮೇಷ್ಟ್ರು ಜೇಬಿಂದ ಹಾಕಿಕೊಂಡು ಕಾಯುತ್ತಾರೆ. ನಾವು ಹೊರಗಿನವರು ಇಲ್ಲಿ ಸಹಾಯಕ್ಕೆ ನಿಲ್ಲಬಹುದು. ಆದರೆ ಸರ್ಕಾರ ಮಾಡಬೇಕಾದ್ದನ್ನು ನಾವೇ ವರ್ಷಗಟ್ಟಲೆ ಮಾಡಿಕೊಂಡು ಹೋದರೆ ಅದು ಸರ್ಕಾರದ ಪಟ್ಟಿಯಿಂದಲೇ ಬಿಟ್ಟುಹೋಗುತ್ತದೆ. ಹಾಗಾಗಿ ಕೊಡುವಾಗಲೇ ಒಂದು ಅರ್ಜಿಯನ್ನೂ ಬರೆಸಿ. ಗ್ರಾಮ ಪಂಚಾಯಿತಿಗೆ, ಬಿಇಒಗೆ. ಶಾಲೆಯ ಕಾಂಪೌಂಡು, ಆಟದ ಮೈದಾನ, ಶೌಚಾಲಯದ ಕೆಲಸಗಳು ರಾಜ್ಯದಲ್ಲಿ ಎಷ್ಟೋ ಕಡೆ ನರೇಗಾ ದುಡ್ಡಲ್ಲೇ ಆಗಿವೆ.

ನೋಟ್‌ಬುಕ್, ಬ್ಯಾಗ್ ಹಂಚಿದ್ರೆ ಸಾಕಲ್ವಾ?

ನೋಟ್‌ಬುಕ್ ಉಪಯೋಗಕ್ಕೆ ಬರುತ್ತದೆ, ಜೂನ್ ಮೊದಲ ವಾರದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಆಗಸ್ಟ್ 15ಕ್ಕೆ ಕಾಯಬೇಡಿ. ಬ್ಯಾಗು ಅಷ್ಟೇನೂ ಬೇಡ. ಒಂದು ಮಾತು: ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೆ ಕೊಟ್ಟು ಫೋಟೋ ತೆಗೆಸುವುದನ್ನು ದಯವಿಟ್ಟು ಬಿಡಿ. ಅರ್ಧ ದಿನದ ಪಾಠ ಹೋಗುತ್ತದೆ. ಎಸ್‌ಡಿಎಂಸಿ ಕೈಗೆ ಕೊಡಿ, ತಾಯಂದಿರು ಹಂಚುತ್ತಾರೆ.

## ಮೇಷ್ಟ್ರು, ಮಿಸ್ಸು ಮತ್ತು ಅವರ ದಿನ

ಒಳ್ಳೆ ಸಂಬಳ ಇದೆ, ಬೇಸಿಗೆ ರಜೆ ಇದೆ, ದಸರಾ ರಜೆ ಇದೆ. ಮೇಷ್ಟ್ರಿಗೆ ಏನ್ ಕಷ್ಟ ಅಂತ?

ಇದನ್ನು ಕೇಳುವವರು ಜಾಸ್ತಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಇಬ್ಬರು ಶಿಕ್ಷಕರಿರುವ ಒಂದು ಕಿರಿಯ ಪ್ರಾಥಮಿಕ ಶಾಲೆಯ ಹೆಡ್ ಮಿಸ್ ಬೆಳಿಗ್ಗೆ ಏನು ಮಾಡುತ್ತಾರೆ ನೋಡಿ. ಬಂದ ಕೂಡಲೇ ಹಾಲಿನ ಪುಡಿ ಅಳತೆ. ಕ್ಷೀರಭಾಗ್ಯ 2013ರ ಆಗಸ್ಟ್ 1ರಂದು ಶುರುವಾದಾಗಿನಿಂದ ಲೆಕ್ಕ ಒಂದೇ, ಮಗುವಿಗೆ 18 ಗ್ರಾಂ ಪುಡಿ, 150 ಎಂಎಲ್ ಹಾಲು. ಎಷ್ಟು ಮಕ್ಕಳು ಬಂದರು, ಎಷ್ಟು ಪುಡಿ ಹೋಯಿತು, ಎಷ್ಟು ಉಳಿಯಿತು ಅಂತ ಬರೆಯಬೇಕು. ಆಮೇಲೆ ಅಕ್ಕಿ, ಬೇಳೆ, ಎಣ್ಣೆ ತೂಕ. ಆಮೇಲೆ ಮೊಟ್ಟೆ. ಮೊದಲು ವಾರಕ್ಕೆ ಎರಡು ದಿನ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಖರ್ಚು ಹೊತ್ತ ಮೇಲೆ ಆರು ದಿನ ಆಯಿತು. ಮಕ್ಕಳಿಗೆ ಇದರಿಂದ ಆಗಿರುವ ಒಳ್ಳೆಯದು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂತೆಯಿಂದ ಮೊಟ್ಟೆ ಟ್ರೇ ತರುವವರು ಯಾರು? ಸ್ಕೂಟರಿನ ಮುಂದೆ ಇಟ್ಟುಕೊಂಡು ಬರುವ ಮಿಸ್ಸು. ಪೇಟೆ ಬೆಲೆ ಸರ್ಕಾರ ಕಟ್ಟಿದ ಬೆಲೆಗಿಂತ ಮೇಲೆ ಹೋದಾಗ ವ್ಯತ್ಯಾಸ ಅವರದ್ದೇ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು (ಮೊದಲು ಚಿಕ್ಕಿಯೂ ಇತ್ತು), ಅದರ ಲೆಕ್ಕ ಬೇರೆ.

ಇದರ ನಡುವೆ ಫೋನ್ ಟಿಂಗ್ ಅನ್ನುತ್ತಿರುತ್ತದೆ. ಮಕ್ಕಳ ವಿವರ ಇಡುವ ಸರ್ಕಾರಿ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ಹಾಜರಿ ಹಾಕಿ, ದೇಶದ ಶಾಲೆಗಳ ಅಂಕಿಅಂಶ ಸೇರಿಸುವ ಯು-ಡೈಸ್‌ಗೆ ಮಾಹಿತಿ ತುಂಬಿ, ಆಧಾರ್ ಹೊಂದಿಕೆ ಆಗದ ಮಕ್ಕಳ ಪಟ್ಟಿ ಹನ್ನೊಂದು ಗಂಟೆಯೊಳಗೆ ಕಳಿಸಿ. ಜೊತೆಯ ಟೀಚರ್ ತರಬೇತಿಗೆ ಹೋಗಿದ್ದರೆ ಐದೂ ಕ್ಲಾಸು ಇವರ ಮೇಲೇ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಹಾಕಬಾರದು ಅನ್ನುತ್ತದೆ. ಚುನಾವಣೆ ಅಂದರೆ ವರ್ಷವಿಡೀ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೆಲಸವೂ ಅದರೊಳಗೆ ಸೇರಿಕೊಳ್ಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಹತ್ತಿದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಹಾಗಾಗಿ "ದಸರಾ ರಜೆ ಇದೆ" ಅನ್ನುವ ಮಾತನ್ನು ಆ ವರ್ಷ ನೆಟ್‌ವರ್ಕ್ ಸಿಗದ ಊರಲ್ಲಿ ಆ್ಯಪ್ ಹಿಡಿದು ನಿಂತಿದ್ದ ಟೀಚರ್ ಎದುರು ಹೇಳಲು ನನಗಂತೂ ಆಗುವುದಿಲ್ಲ.

ಇಷ್ಟೆಲ್ಲ ಆಗಿ ಉಳಿದ ಹೊತ್ತಿನಲ್ಲಿ ಅವರು ಪಾಠ ಮಾಡುತ್ತಾರೆ. ಆ ಹೊತ್ತನ್ನು ಹೆಚ್ಚು ಮಾಡಿಕೊಡುವುದೇ ನಾವು ಮಾಡಬಹುದಾದ ದೊಡ್ಡ ಸಹಾಯ ಅಂತ ನನ್ನ ನಂಬಿಕೆ. ಕಂಪ್ಯೂಟರ್ ಬರುವ ಊರಿನ ಹುಡುಗನೋ ಹುಡುಗಿಯೋ ವಾರಕ್ಕೆ ಎರಡು ಸಂಜೆ ಹೆಡ್ ಮೇಷ್ಟ್ರ ಪಕ್ಕ ಕೂತು ಪತ್ರ ಟೈಪು ಮಾಡಿಕೊಡಲಿ. ಮಕ್ಕಳ ಮಾಹಿತಿ ಹಾಕುವ ಲಾಗಿನ್ ಮಾತ್ರ ಮೇಷ್ಟ್ರ ಕೈಲೇ ಇರಬೇಕು. ಮೊಟ್ಟೆ ತರುವ ಕೆಲಸವನ್ನು ಊರಿನ ಅಂಗಡಿಯವರಿಗೆ ಒಪ್ಪಿಸಿ. ಸಿಲಿಂಡರ್ ತರುವುದನ್ನು ಎಸ್‌ಡಿಎಂಸಿ ವಹಿಸಿಕೊಳ್ಳಲಿ. ಇವುಗಳಲ್ಲಿ ಒಂದಕ್ಕೂ ಫಲಕ ಹಾಕಿಸುವುದಕ್ಕೆ ಬರುವುದಿಲ್ಲ. ಆದರೆ ಮಿಸ್ಸು ಹತ್ತು ಗಂಟೆಗೆ ಕ್ಲಾಸಿನಲ್ಲಿರುತ್ತಾರೆ.

ಇಬ್ಬರೇ ಟೀಚರ್, ಐದು ಕ್ಲಾಸು. ಇದು ಕಾನೂನಿಗೆ ವಿರುದ್ಧ ಅಲ್ವಾ? ಪಾಠ ಹೇಗೆ ನಡೆಯತ್ತೆ?

ವಿರುದ್ಧ ಅಲ್ಲ. ಒಂದರಿಂದ ಐದನೇ ಕ್ಲಾಸಿನವರೆಗೆ ಒಟ್ಟು 60 ಮಕ್ಕಳವರೆಗೆ ಇದ್ದರೆ ಇಬ್ಬರು ಶಿಕ್ಷಕರು ಅಂತ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಕಾಯ್ದೆ ಮಕ್ಕಳನ್ನು ಎಣಿಸುತ್ತದೆ, ಕ್ಲಾಸುಗಳನ್ನಲ್ಲ.

ಹೇಗೆ ನಡೆಯುತ್ತದೆ ಅಂತ ತಿಳಿಯಬೇಕಿದ್ದರೆ ನಲಿ-ಕಲಿ ಕೋಣೆಗೆ, ಅಂದರೆ ಬೇರೆ ಬೇರೆ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ಕೋಣೆಗೆ ಹೋಗಿ ಕೂರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ತಮ್ಮ ಮಕ್ಕಳಿಗೆ ಬೇಕಾದ ಹಾಗೆ ಕಾರ್ಡುಗಳನ್ನು ತಾವೇ ಮಾಡಿಕೊಂಡರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಕ್ಲಾಸುಗಳಿಗೆಲ್ಲ ಬಂತು. ಮಕ್ಕಳು ನೆಲದ ಮೇಲೆ ಗುಂಡನೆಯ ಮೇಜುಗಳ ಸುತ್ತ ಕೂರುತ್ತಾರೆ. ಒಂದೊಂದು ಗುಂಪಿಗೆ ತಟ್ಟೆ ಅನ್ನುತ್ತಾರೆ. ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ತಿ ನೆರವು ಬೇಕಾದವರು, ಇನ್ನೊಂದರಲ್ಲಿ ಸ್ವಲ್ಪ ಸಾಕಾದವರು, ಮತ್ತೊಂದರಲ್ಲಿ ಒಬ್ಬರಿಂದೊಬ್ಬರು ಕಲಿಯುವವರು, ಕೊನೆಯದರಲ್ಲಿ ತಾವೇ ಮಾಡಿಕೊಳ್ಳುವವರು. ಗೋಡೆಯ ಮೇಲೆ ಕಲಿಕಾ ಏಣಿ, ಮೇಲೆ ದಾರಕ್ಕೆ ಕ್ಲಿಪ್ ಹಾಕಿದ ಮಕ್ಕಳ ಚಿತ್ರಗಳ ಚಪ್ಪರ. ಮಗು ಏಣಿ ನೋಡಿ ತನ್ನ ಕಾರ್ಡು ತಾನೇ ಹುಡುಕಿ ತರುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದ್ದ ಮಗು ಬಂದರೆ ಎಲ್ಲಿಗೆ ಬಿಟ್ಟಿತ್ತೋ ಅಲ್ಲಿಂದಲೇ ಹತ್ತುತ್ತದೆ.

ಒಳ್ಳೆ ಟೀಚರ್ ಇದ್ದರೆ ಈ ಕೋಣೆ ನೋಡುವುದಕ್ಕೆ ಕಣ್ಣಿಗೆ ಹಬ್ಬ. ಕಾರ್ಡುಗಳು ಹರಿದು ಅರ್ಧ ಕಳೆದುಹೋಗಿ, ಮೂರು ಕ್ಲಾಸು ಒಬ್ಬರ ಮೇಲೆ ಬಿದ್ದು, ಆ ಒಬ್ಬರು ಮೀಟಿಂಗಿಗೆ ಹೋಗಿದ್ದರೆ ಯಾವ ವಿಧಾನವೂ ಕೆಲಸ ಮಾಡುವುದಿಲ್ಲ. ಸಹಾಯ ಮಾಡಬೇಕು ಅನ್ನುವವರು ಕಾರ್ಡು ಲ್ಯಾಮಿನೇಟ್ ಮಾಡಿಸಿಕೊಡಬಹುದು. ಅಗ್ಗದ ಕೆಲಸ, ವರ್ಷಗಟ್ಟಲೆ ಬಾಳುತ್ತದೆ.

ನಾನು ಶನಿವಾರ ಬಂದು ಇಂಗ್ಲಿಷ್ ಪಾಠ ಮಾಡ್ಲಾ?

ಮಾಡಿ, ಮೂರು ಷರತ್ತಿನ ಮೇಲೆ. ಇಡೀ ವರ್ಷ ಬರಬೇಕು. ಎರಡು ತಿಂಗಳು ಬಂದು ನಿಲ್ಲಿಸುವುದಾದರೆ ಶುರುವೇ ಮಾಡಬೇಡಿ, ಮಕ್ಕಳು ಬಾಗಿಲ ಕಡೆ ನೋಡುತ್ತಾ ಕೂರುತ್ತಾರೆ. ಎರಡನೆಯದು, ಟೀಚರ್ ಜೊತೆ ಕೂತು ಅವರು ಆ ವಾರ ಏನು ಮಾಡಿದ್ದಾರೋ ಅದಕ್ಕೆ ಸೇರಿಸುವ ಹಾಗೆ ಮಾಡಬೇಕು. ನಿಮ್ಮದೇ ಪ್ರತ್ಯೇಕ ಪಾಠ ನಡೆಸಿದರೆ ನೀವು ಹೋದ ಮೇಲೆ ಅದು ಅಲ್ಲೇ ನಿಲ್ಲುತ್ತದೆ. ಮೂರನೆಯದು ಮಕ್ಕಳ ಸುರಕ್ಷತೆ. ಯಾವ ಮಗುವಿನ ಜೊತೆಗೂ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಶಾಲೆಯ ಶಿಕ್ಷಕರೊಬ್ಬರು ಸದಾ ಇರಬೇಕು, ಕೇಳದೆ ಫೋಟೋ ತೆಗೆಯಬಾರದು. ಇದನ್ನು ಯಾರ ಮೇಲೋ ಅನುಮಾನ ಅಂತ ತಿಳಿಯಬೇಡಿ, ಎಲ್ಲರಿಗೂ ಒಂದೇ ನಿಯಮ. ಮಗುವೊಂದು ಕಷ್ಟದಲ್ಲಿದೆ ಅನ್ನಿಸಿದರೆ 1098ಕ್ಕೆ ಕರೆ ಮಾಡಬಹುದು, ನಂಬರನ್ನು ಶಾಲೆಯ ಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಅತಿಥಿ ಶಿಕ್ಷಕರಿಗೆ ಏನಾದ್ರೂ ಮಾಡಕ್ಕಾಗತ್ತಾ?

ಎಷ್ಟೋ ಶಾಲೆ ನಡೆಯುತ್ತಿರುವುದೇ ಇವರಿಂದ. ಖಾಲಿ ಹುದ್ದೆಗೆ ಬರುತ್ತಾರೆ, ಶೈಕ್ಷಣಿಕ ವರ್ಷ ಮುಗಿದಾಗ ಕೆಲಸವೂ ಮುಗಿಯುತ್ತದೆ. 2025ರ ಬಜೆಟ್‌ನಲ್ಲಿ ಗೌರವಧನ ತಿಂಗಳಿಗೆ 2,000 ರೂಪಾಯಿ ಏರಿತು, ಆದರೂ ಅದು ಸಂಸಾರ ನಡೆಸುವ ದುಡ್ಡಲ್ಲ. ಅದೂ ಪ್ರತಿ ತಿಂಗಳು ಕೈಗೆ ಬರುವುದಿಲ್ಲ. ಬಿ.ಎಡ್ ಮುಗಿಸಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿ ನೇಮಕಾತಿಗೆ ಕಾಯುತ್ತಿರುವವರು ಇವರಲ್ಲಿ ಜಾಸ್ತಿ.

ದುಡ್ಡು ಬರುವುದು ತಡವಾದ ತಿಂಗಳುಗಳಲ್ಲಿ ಎಸ್‌ಡಿಎಂಸಿ ಮೂಲಕ ಮುಂಗಡ ಕೊಟ್ಟು ಆಮೇಲೆ ಹೊಂದಿಸಿಕೊಳ್ಳುವ ಪದ್ಧತಿಯನ್ನು ಕೆಲವು ಊರುಗಳಲ್ಲಿ ನೋಡಿದ್ದೇನೆ. ಬಸ್ ಚಾರ್ಜು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಕೂಡ ದೊಡ್ಡ ನೆರವು. ಇನ್ನೊಂದು, ಸಮಾರಂಭದಲ್ಲಿ ವೇದಿಕೆ ಮೇಲೆ ಕೂರಿಸುವಾಗ ಇವರನ್ನು ಮರೆಯಬೇಡಿ. ಮಕ್ಕಳಿಗೆ ಕಾಯಂ ಟೀಚರ್, ಅತಿಥಿ ಟೀಚರ್ ಅನ್ನುವ ಭೇದ ಗೊತ್ತಿಲ್ಲ. ಊರಿನವರಿಗೂ ಬೇಡ.

ನಾನು ಹೊಸದಾಗಿ ಸೇರಿದ ಟೀಚರ್. ಸಂಜೆ ಮನೆಗೆ ಬಂದ್ರೆ ಅಳು ಬರತ್ತೆ. ನಾನೊಬ್ಬಳೇ ಹೀಗಾ?

ಅಲ್ಲಮ್ಮ, ನೀವೊಬ್ಬರೇ ಅಲ್ಲ. ನಮ್ಮ ಕಡೆಯಿಂದ ರಾಯಚೂರು, ಯಾದಗಿರಿಗೆ ಹೋಗಿ ಸೇರಿದವರು, ಅಲ್ಲಿಯ ಮಕ್ಕಳು "ಅಕ್ಕೋರೇ" ಅಂತ ಕರೆದಾಗ ಯಾರನ್ನು ಕರೆಯುತ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡಿದವರು, ಮೊದಲ ವರ್ಷ ಪೂರ್ತಿ ನಿಮ್ಮ ಹಾಗೇ ಇದ್ದರು.

ಮೊದಲ ವರ್ಷಕ್ಕೆ ಒಂದೇ ಒಂದು ಕ್ಲಾಸನ್ನು, ಒಂದೇ ಒಂದು ವಿಷಯವನ್ನು ಹಿಡಿದುಕೊಂಡು ಚೆನ್ನಾಗಿ ಮಾಡಿ. ಉಳಿದದ್ದು ನಡೆಯುವಷ್ಟು ನಡೆಯಲಿ. ಕ್ಲಸ್ಟರಿನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, ಪಾಠ ಇಷ್ಟಪಡುವ ಒಬ್ಬ ಹಿರಿಯ ಟೀಚರ್ ಖಂಡಿತ ಇರುತ್ತಾರೆ. ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವ ಹೊತ್ತಿಗೆ ಅವರ ಪಕ್ಕ ಹೋಗಿ ಕೂರಿ, ಅವರ ಶಾಲೆಗೆ ಒಂದು ದಿನ ಹೋಗಿ ನೋಡಲು ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿ ಹತ್ತಿರ ಒಪ್ಪಿಗೆ ಕೇಳಿ. ಕಲಬುರಗಿ, ಯಾದಗಿರಿ ಕಡೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಶಿಕ್ಷಕರ ಕಲಿಕಾ ಕೇಂದ್ರಗಳಿವೆ. ಸಂಜೆ ಹೊತ್ತು ಟೀಚರ್‌ಗಳು ತಾವಾಗಿ ಬಂದು ಕೂತು ಮಾತಾಡುತ್ತಾರೆ, ಪುಸ್ತಕ ತೆಗೆದುಕೊಂಡು ಹೋಗುತ್ತಾರೆ.

ಊರಿನವರಿಗೂ ಒಂದು ಮಾತು. ಹೊಸ ಮಿಸ್ ಬಂದರೆ ಬಾಡಿಗೆ ಮನೆ ಹುಡುಕಿಕೊಡಿ, ಜಾತಿ ಕೇಳಬೇಡಿ. ಊರಲ್ಲಿ ಮನೆ ಸಿಗದೆ ದಿನಾ ಎರಡು ಬಸ್ ಹಿಡಿದು ಬರುವ ಟೀಚರ್‌ಗಳು ಎಷ್ಟು ಜನ ಅಂತ ಒಮ್ಮೆ ವಿಚಾರಿಸಿ ನೋಡಿ.

ಮಗ ಐದನೇ ಕ್ಲಾಸು, ಇನ್ನೂ ಸರಿಯಾಗಿ ಓದೋಕೆ ಬರಲ್ಲ. ಮೇಷ್ಟ್ರನ್ನ ಕೇಳಿದ್ರೆ ಬೇಜಾರ್ ಮಾಡ್ಕೋತಾರೆ. ಏನ್ ಮಾಡ್ಲಿ?

ಮೊದಲು ಎಲ್ಲಿ ನಿಂತಿದ್ದಾನೆ ಅಂತ ಮನೆಯಲ್ಲೇ ನೋಡಿ. ಒಂದು ಸಣ್ಣ ಕಥೆ ಕೊಟ್ಟು ಓದಿಸಿ. ಕನ್ನಡದಲ್ಲಿ ಮಕ್ಕಳು ಹೆಚ್ಚಾಗಿ ತೊಡರುವುದು ಒತ್ತಕ್ಷರದಲ್ಲಿ. "ಅಜ್ಜಿ ಅಕ್ಕಿ ತಂದಳು" ಅನ್ನುವುದನ್ನು "ಅಜಿ ಅಕಿ ತಂದಳು" ಅಂತ ಓದುತ್ತಿದ್ದರೆ ಅವನಿಗೆ ಮೂಲ ಅಕ್ಷರ, ಕಾಗುಣಿತ ಬರುತ್ತದೆ ಅಂತ ಅರ್ಥ, ಒತ್ತು ಮಾತ್ರ ಬಾಕಿ. ದಿನಾ ಸ್ವಲ್ಪ ಹೊತ್ತು ಕೂತರೆ ಇದು ಸರಿಹೋಗುತ್ತದೆ. ಅಕ್ಷರವೇ ಗುರುತು ಸಿಗುತ್ತಿಲ್ಲ ಅಂದರೆ ಕೆಲಸ ಜಾಸ್ತಿ ಇದೆ, ಕಣ್ಣು ಪರೀಕ್ಷೆಯನ್ನೂ ಮಾಡಿಸಿ.

ಮೇಷ್ಟ್ರ ಹತ್ತಿರ "ಯಾಕೆ ಬರಲ್ಲ" ಅಂತ ಕೇಳುವ ಬದಲು "ಇಲ್ಲಿಗೆ ನಿಂತಿದ್ದಾನೆ ಸರ್, ಮನೆಯಲ್ಲಿ ನಾನೇನು ಮಾಡಲಿ" ಅಂತ ಕೇಳಿ. ಮಾತಿನ ಧಾಟಿಯೇ ಬದಲಾಗುತ್ತದೆ. ನಾಲ್ಕು, ಐದನೇ ಕ್ಲಾಸಿಗೆ ಪ್ರಥಮ್ ಸಂಸ್ಥೆಯ ಜೊತೆ ಇಲಾಖೆ ನಡೆಸಿದ ಓದು ಕರ್ನಾಟಕ ಕಾರ್ಯಕ್ರಮದ ದಾರಿ ಇದಕ್ಕೆ ಒಳ್ಳೆಯದು. ಮಕ್ಕಳನ್ನು ಕ್ಲಾಸಿನ ಲೆಕ್ಕದಲ್ಲಿ ಕೂರಿಸದೆ ಅಕ್ಷರ, ಪದ, ಪ್ಯಾರಾ, ಕಥೆ ಅಂತ ಅವರಿರುವ ಮಟ್ಟದಲ್ಲಿ ಗುಂಪು ಮಾಡಿ ಕಲಿಸುವುದು. ಹೊಟ್ಟೆ ತುಂಬ ಓದುವುದಕ್ಕೆ ಪುಸ್ತಕ ಬೇಕಲ್ಲ, 2020ರ ನವೆಂಬರ್‌ನಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು.

## ವರ್ಷಗಟ್ಟಲೆ ಇದರಲ್ಲಿರುವವರಿಗೆ

ಸ್ಮಾರ್ಟ್ ಕ್ಲಾಸ್ ಮಾಡಿಸಿಕೊಡೋಣ ಅಂತಿದ್ದೀವಿ. ಹೇಗೆ?

ಇನ್ನೊಂದು ಸಲ ಯೋಚಿಸಿ. ಸಿಡಿಲಿಗೆ ಸುಟ್ಟ ಪ್ರೊಜೆಕ್ಟರ್, ಬ್ಯಾಟರಿ ಸತ್ತ ಯುಪಿಎಸ್, ಕಳ್ಳರ ಭಯಕ್ಕೆ ಬೀರುವಿನಲ್ಲಿಟ್ಟ ಲ್ಯಾಪ್‌ಟಾಪ್ ಇಲ್ಲದ ಹೋಬಳಿ ಇಲ್ಲ. ಟೀಚರ್ ತಾವಾಗಿ ಕೇಳಿದ್ದರೆ, ರಿಪೇರಿಗೆ ಪ್ರತಿ ವರ್ಷ ದುಡ್ಡು ತೆಗೆದಿಟ್ಟರೆ, ಕರೆಂಟ್ ಲೈನಿಗೆ ಅರ್ಥಿಂಗ್ ಸರಿ ಇದ್ದರೆ ಮಾಡಿ. ಇಲ್ಲದಿದ್ದರೆ ಅದೇ ದುಡ್ಡಿಗೆ ಒಂದು ಕೋಣೆ ತುಂಬ ಕಥೆ ಪುಸ್ತಕ ಬರುತ್ತದೆ, ಗಣಿತದ ಕಿಟ್ ಬರುತ್ತದೆ. ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನದ ಕಿಟ್ ಈಗಾಗಲೇ ನಿಮ್ಮ ಶಾಲೆಯಲ್ಲಿದ್ದರೂ ಇರಬಹುದು, ಬೀರು ತೆಗೆಸಿ ನೋಡಿ.

ಮಕ್ಕಳು ಕಡಿಮೆ ಆಗ್ತಿದ್ದಾರೆ. ಎಲ್ಲರೂ ವ್ಯಾನ್ ಹತ್ತಿ ಕಾನ್ವೆಂಟಿಗೆ ಹೋಗ್ತಾರೆ. ಶಾಲೆ ಉಳಿಸೋದು ಹೇಗೆ?

ತಾಯಂದಿರು ವ್ಯಾನಿಗೆ ಕಳಿಸುವುದಕ್ಕೆ ಎರಡು ಕಾರಣ ಕೊಡುತ್ತಾರೆ, ಇಂಗ್ಲಿಷ್ ಮತ್ತು ಎಲ್‌ಕೆಜಿ. ಎರಡನ್ನೂ ಗೌರವದಿಂದ ಕೇಳಿಸಿಕೊಳ್ಳಬೇಕು, ಮಗಳು ತನಗಿಂತ ಮುಂದೆ ಹೋಗಲಿ ಅನ್ನುವ ಆಸೆ ಅದು. ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಒಂದು ವಿಷಯವಾಗಿ 2007ರಿಂದಲೇ ಇದೆ. 2019ರಲ್ಲಿ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಶುರುವಾಯಿತು. ಆದರೆ ಬೋರ್ಡು ಬದಲಾಯಿಸಿದ ಮಾತ್ರಕ್ಕೆ ಇಂಗ್ಲಿಷ್ ಬರುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಗುವಿಗೆ ಲೆಕ್ಕವನ್ನೂ ಇಂಗ್ಲಿಷಲ್ಲಿ ಹೇಳಿದರೆ ಎರಡೂ ಬರದೆ ಹೋಗುವ ಅಪಾಯ ಇದೆ. ಕನ್ನಡದಲ್ಲಿ ಗಟ್ಟಿಯಾಗಿ ಓದುವ ಮಗುವಿಗೆ ಇಂಗ್ಲಿಷ್ ಕಲಿಸುವುದು ಸುಲಭ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಕನ್ನಡ ಶಾಲೆ ನನ್ನ ಮಟ್ಟಿಗೆ ಸರಿಯಾದ ಉತ್ತರ. ಇದನ್ನು ಒಪ್ಪದವರೂ ನಮ್ಮಲ್ಲೇ ಇದ್ದಾರೆ.

ಮಾಡಬಹುದಾದ ಕೆಲಸ ಇದೆ. ಏಪ್ರಿಲ್ ಹೊತ್ತಿಗೆ ವ್ಯಾನಿನವರು ಮನೆಮನೆಗೆ ಬಂದಿರುತ್ತಾರೆ. ನಮ್ಮ ದಾಖಲಾತಿ ಆಂದೋಲನ ಮೇ ಕೊನೆಗೆ ಹೊರಟರೆ ಏನು ಪ್ರಯೋಜನ? ಮಾರ್ಚ್‌ನಲ್ಲೇ ಅಂಗನವಾಡಿ ಮಕ್ಕಳನ್ನೂ ತಾಯಂದಿರನ್ನೂ ಶಾಲೆಗೆ ಕರೆಸಿ. ಎರಡನೇ ಕ್ಲಾಸಿನ ಮಕ್ಕಳು ಅವರ ಎದುರು ಪುಸ್ತಕ ತೆರೆದು ಓದಲಿ. ಕರಪತ್ರಕ್ಕಿಂತ ಅದು ಕೆಲಸ ಮಾಡುತ್ತದೆ.

ದುಡ್ಡಿನ ಲೆಕ್ಕದಲ್ಲಿ ಜಗಳ ಆಗದ ಹಾಗೆ ನೋಡ್ಕೊಳ್ಳೋದು ಹೇಗೆ?

ಕೈಗೆ ಕ್ಯಾಶ್ ಕೊಡಬೇಡಿ, ಯಾರಿಗೂ. ಎಸ್‌ಡಿಎಂಸಿ ಖಾತೆಗೆ ಹಾಕಿ, ರಸೀದಿ ತೆಗೆದುಕೊಳ್ಳಿ. ಖರ್ಚಿಗೆ ಮೊದಲು ಠರಾವು, ನಡಾವಳಿ ಪುಸ್ತಕದಲ್ಲಿ ಸಹಿ, ಆಮೇಲೆ ಬಿಲ್ಲು, ಓಚರ್. ವಸ್ತು ಕೊಟ್ಟರೆ ಅವತ್ತೇ ಸ್ಟಾಕ್ ರಿಜಿಸ್ಟರಿಗೆ ಹತ್ತಿಸಿ. ಕುಕ್ಕರಿನಿಂದ ಕ್ರಿಕೆಟ್ ಬ್ಯಾಟಿನವರೆಗೆ ಎಲ್ಲಾ. ವರ್ಷಕ್ಕೆ ಎರಡು ಸಲ ಶಾಲೆಯ ಹೊರಗೋಡೆ ಮೇಲೆ ಬಂದ ದುಡ್ಡು, ಹೋದ ದುಡ್ಡು ದೊಡ್ಡ ಅಕ್ಷರದಲ್ಲಿ ಬರೆಸಿ. ಇದು ಶಿಕ್ಷಕರಿಗೇ ರಕ್ಷಣೆ. ಆಡಿಟ್‌ನಲ್ಲಿ ಹಳೆ ಲೆಕ್ಕಕ್ಕೆ ಉತ್ತರ ಕೊಡುತ್ತಾ ನಿವೃತ್ತಿ ಸೌಲಭ್ಯ ತಡವಾದ ಮೇಷ್ಟ್ರುಗಳಿದ್ದಾರೆ.

ನಾವು ಅಮೆರಿಕದಲ್ಲಿದ್ದೀವಿ. ಶಾಲೆಗೆ ನೇರ ದುಡ್ಡು ಕಳಿಸಬಹುದಾ?

ನಿಮ್ಮ ಪಾಸ್‌ಪೋರ್ಟ್ ನೋಡಿಕೊಳ್ಳಿ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದನ್ನು ವಿದೇಶದಿಂದ ಬರುವ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯಲ್ಲಿ ವಿದೇಶಿ ವಂತಿಗೆ ಅಂತ ಎಣಿಸುವುದಿಲ್ಲ. ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆ. ಆಗ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಯ ಮೂಲಕವೇ ಕೊಡಿ, ಕನ್ನಡ ಕೂಟದವರು ಒಟ್ಟುಗೂಡಿಸಿದ ದುಡ್ಡಿಗೂ ಇದೇ ದಾರಿ. ಹಳ್ಳಿಯ ಹೆಡ್ ಮೇಷ್ಟ್ರಿಗೆ ಈ ಕಾನೂನು ಗೊತ್ತಿರುವುದಿಲ್ಲ, ತೊಂದರೆ ಬಂದರೆ ಮಾತ್ರ ಅವರ ಹೆಸರೇ ಮೊದಲು ಬರುತ್ತದೆ.

ಟೀಚರ್ ಹೊಡೀತಾರೆ, ಇಲ್ಲಾ ಬರೋದೇ ಇಲ್ಲ. ಅಂಥವರಿಗೂ ಜೊತೆ ನಿಲ್ಲಬೇಕಾ?

ಹೊಡೆಯುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಹೆಡ್ ಮೇಷ್ಟ್ರಿಗೆ ಹೇಳಿ, ಎಸ್‌ಡಿಎಂಸಿಯಲ್ಲಿ ಎತ್ತಿ, ಬಿಇಒಗೆ ಬರೆದುಕೊಡಿ. ಪದೇ ಪದೇ ಗೈರಾಗುವವರ ವಿಷಯವೂ ಹಾಗೇ, ತಾರೀಖು ಹಾಕಿ ಬರೆದಿಡಿ. ಆದರೆ ಬರೆಯುವ ಮೊದಲು ಆ ದಿನ ಅವರು ಒಒಡಿ (ಇಲಾಖೆಯ ಬೇರೆ ಕೆಲಸ) ಮೇಲೆ ಹೋಗಿದ್ದರಾ ಅಂತ ಚಲನವಲನ ವಹಿ ನೋಡಿ. ಮೊಬೈಲಲ್ಲಿ ವಿಡಿಯೋ ತೆಗೆದು ಊರೆಲ್ಲ ಹರಡುವುದು ಬೇಡ, ಅದರಲ್ಲಿ ಮಕ್ಕಳ ಮುಖವೂ ಹೋಗುತ್ತದೆ.

ಒಳ್ಳೆ ಹೆಡ್ ಮೇಷ್ಟ್ರು ಇದ್ದಾಗ ಎಲ್ಲಾ ನಡೆಯತ್ತೆ. ವರ್ಗಾವಣೆ ಆದ್ರೆ ಮೊದಲಿನ ಹಾಗೇ. ಇದಕ್ಕೇನು ಪರಿಹಾರ?

ವರ್ಗಾವಣೆ ನಿಲ್ಲಿಸಲು ಓಡಾಡಬೇಡಿ. 2020ರ ಕಾಯ್ದೆ ಬಂದ ಮೇಲೆ ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ಮೂಲಕ ನಿಯಮದ ಪ್ರಕಾರ ನಡೆಯುತ್ತದೆ. ಅವರಿಗೂ ವಯಸ್ಸಾದ ಅಪ್ಪ ಅಮ್ಮ, ಬೇರೆ ಜಿಲ್ಲೆಯಲ್ಲಿ ಕೆಲಸ ಮಾಡುವ ಗಂಡ ಹೆಂಡತಿ ಇರುತ್ತಾರೆ. ಹತ್ತು ವರ್ಷ ಕಾದು ಊರ ಹತ್ತಿರ ಜಾಗ ಸಿಕ್ಕಿದೆ, ಖುಷಿಯಿಂದ ಕಳಿಸಿಕೊಡಿ.

ಅವರು ಇರುವಾಗಲೇ ಕೆಲಸಗಳನ್ನು ನಾಲ್ಕು ಜನಕ್ಕೆ ಹಂಚಿಬಿಡಬೇಕು. ಲೈಬ್ರರಿ ಒಬ್ಬ ತಾಯಿಯ ಕೈಲಿ, ಕೈತೋಟ ಏಳನೇ ಕ್ಲಾಸಿನ ಮಕ್ಕಳ ಕೈಲಿ, ಪಂಚಾಯಿತಿ ಓಡಾಟ ಎಸ್‌ಡಿಎಂಸಿ ಅಧ್ಯಕ್ಷರ ಕೈಲಿ, ನೀರಿನ ಮೋಟರು ಪಕ್ಕದ ಮನೆಯವರ ಕೈಲಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಿದ್ದು ಪಂಚಾಯಿತಿಯ ನಡಾವಳಿಯಲ್ಲಿ ಕೂತಿರುತ್ತದೆ, ಯಾರು ಬದಲಾದರೂ ಅದನ್ನು ಹಿಡಿದು ಮತ್ತೆ ಕೇಳಬಹುದು. ಹಳಬರು ಹೊರಡುವ ಮುಂಚೆ ಹೊಸಬರ ಜೊತೆ ಒಂದು ದಿನ ಕೂರಿಸಿ. ಯಾವ ಮಗುವಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಯಾರ ಮನೆಯಲ್ಲಿ ಅಪ್ಪ ಇಲ್ಲ, ಯಾವ ಹುಡುಗಿಯ ಮದುವೆ ಮಾತು ನಡೆಯುತ್ತಿದೆ ಅನ್ನುವುದು ಯಾವ ಎಸ್‌ಎಟಿಎಸ್‌ನಲ್ಲೂ ಇರುವುದಿಲ್ಲ. ಅದನ್ನು ಬಾಯಿಂದ ಬಾಯಿಗೆ ದಾಟಿಸಬೇಕು. ಹೊಸಬರು ಬಂದ ಮೇಲೆ ಮೊದಲ ಮೂರು ತಿಂಗಳು "ಹಳೇ ಸರ್ ಹೀಗೆ ಮಾಡ್ತಿದ್ರು" ಅನ್ನುವ ಮಾತು ಯಾರ ಬಾಯಲ್ಲೂ ಬರದ ಹಾಗೆ ಎಸ್‌ಡಿಎಂಸಿಯವರು ನೋಡಿಕೊಳ್ಳಬೇಕು. ಅವರ ಹತ್ತಿರವೂ ಒಂದು ಯೋಚನೆ ಇರುತ್ತದೆ, ಅದನ್ನು ಮೊದಲು ಕೇಳಿ.